ಅಜ್ಜಿಯ ಹೆಬ್ಬೆಟ್ಟು

ಹೋದ ವರ್ಷ ಊರಿಗೆ ಹೋಗಿದ್ದಾಗ ಅಜ್ಜಿಯ ಜೊತೆ ರೇಷನ್ ಅಂಗಡಿಗೆ ಹೋಗಿದ್ದೆ. ಅಜ್ಜಿ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ಯಂತ್ರದ ಮೇಲಿಟ್ಟಳು. ಹಿಡಿಯಲಿಲ್ಲ. ಬಲಗೈ, ಎಡಗೈ, ಹತ್ತೂ ಬೆರಳು ಆದವು. ಜೀವಮಾನವಿಡೀ ಅಡಿಕೆ ಸುಲಿದು, ಪಾತ್ರೆ ತಿಕ್ಕಿ ಗೆರೆಗಳೇ ಸವೆದುಹೋಗಿವೆ. “ನೀವ್ಯಾರು ಅಂತ ನಂಗೊತ್ತು ಅಮ್ಮ, ಇದಕ್ಕೆ ಗೊತ್ತಾಗ್ಬೇಕಲ್ಲ” ಎಂದ ಅಂಗಡಿಯವನು. ಬರಿಚೀಲ ಹಿಡಿದು ಬರುವಾಗ ಅಜ್ಜಿ ಕೇಳಿದಳು: “ಅಲ್ಲ ಮಗಾ, ನಾನು ನಾನೇ ಅನ್ನೋದಕ್ಕೆ ನಾನು ಸಾಲದಾ?”

ಆ ಪ್ರಶ್ನೆಯ ಬೆನ್ನು ಹತ್ತಿದರೆ ಸಿಗುವುದು 1858ರ ಬಂಗಾಳ. ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸಲು ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನೊಡನೆ ಕರಾರು ಮಾಡಿಕೊಂಡ. ಕೊನಾಯಿಯ ಅಂಗೈಗೆ ಮಸಿ ಬಳಿದು ಕಾಗದದ ಹಿಂಬದಿಗೆ ಒತ್ತಿಸಿದ. ನಾಳೆ ಈತ ‘ಇದು ನನ್ನ ಸಹಿಯಲ್ಲ’ ಅನ್ನದಂತೆ ಹೆದರಿಸುವುದಷ್ಟೇ ಆಗಿನ ಉದ್ದೇಶ. ಬೆರಳಚ್ಚು ಆಡಳಿತದೊಳಗೆ ಕಾಲಿಟ್ಟದ್ದು ವಿಜ್ಞಾನವಾಗಿ ಅಲ್ಲ, ಅಪನಂಬಿಕೆಯಾಗಿ.

1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಸಾವಿರಾರು ಅಚ್ಚುಗಳ ನಡುವೆ ಬೇಕಾದದ್ದನ್ನು ಹುಡುಕುವುದು ಹೇಗೆ? ಅವುಗಳನ್ನು 1,024 ಖಾನೆಗಳಲ್ಲಿ ವಿಂಗಡಿಸುವ ಗಣಿತವನ್ನು ರೂಪಿಸಿದವರು ಅಜೀಜುಲ್ ಹಕ್. ಅವರ ಜೊತೆ ದುಡಿದವರು ಹೇಮಚಂದ್ರ ಬೋಸ್. ಇಬ್ಬರೂ ಪೊಲೀಸ್ ಇಲಾಖೆಯ ಭಾರತೀಯ ನೌಕರರು. ಜಗತ್ತು ಮಾತ್ರ ಅದನ್ನು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಿಂದ ‘ಹೆನ್ರಿ ಪದ್ಧತಿ’ ಎಂದು ಕರೆಯಿತು. ಎಲ್ಲರ ಗುರುತು ಹಿಡಿಯುವ ವಿದ್ಯೆ ಕಂಡುಹಿಡಿದವರೇ ಗುರುತಿಲ್ಲದವರಾದರು. ಯಾರ ಹೆಸರು ದಾಖಲಾಗಬೇಕು, ಯಾರದು ಅಳಿಯಬೇಕು ಎಂದು ತೀರ್ಮಾನಿಸುವುದೇ ಅಧಿಕಾರ ಎಂದು ನನಗೆ ಅನ್ನಿಸಿದ್ದು ಇಲ್ಲಿ.

ಅದೇ ಅಚ್ಚು ಸಮುದ್ರ ದಾಟಿತು. 1906ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಸರ್ಕಾರ, ಭಾರತೀಯರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ತರಲು ಹೊರಟಿತು. ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನಲ್ಲಿ ಸೇರಿದ ಸಭೆ ಅದಕ್ಕೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿತು. ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ. ಕುತೂಹಲವೆಂದರೆ, ನೋಂದಣಿ ಸ್ವಇಚ್ಛೆಯದು ಎಂಬ ರಾಜಿಯಾದಾಗ 1908ರಲ್ಲಿ ಗಾಂಧಿಯೇ ಬೆರಳಚ್ಚು ಕೊಡಲು ಮುಂದಾದರು. ಸರ್ಕಾರ ಮಾತು ತಪ್ಪಿತೆಂದು ಅದೇ ವರ್ಷ ಜನ ನೋಂದಣಿ ಪತ್ರಗಳನ್ನು ಸುಟ್ಟರು. ಅವರ ತಕರಾರು ಮಸಿಯ ಬಗ್ಗೆ ಅಲ್ಲ, ಬಲವಂತದ ಬಗ್ಗೆ.

ನಮ್ಮ ಕಾಲದಲ್ಲಿ ಆ ತಕರಾರು ಎತ್ತಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಅವರು ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಮರುವರ್ಷ ಐವರ ಪೀಠ ಬಹುಮತದಿಂದ ಆಧಾರನ್ನು ಎತ್ತಿಹಿಡಿಯಿತು. ಸರ್ಕಾರದ ಸವಲತ್ತುಗಳಿಗೆ ಅದು ಉಳಿಯಿತು.

ಕೊನಾಯಿಗೆ ತನ್ನ ಕೈ ಹಿಡಿದವನು ಯಾರೆಂದು ಗೊತ್ತಿತ್ತು. ಟ್ರಾನ್ಸ್‌ವಾಲಿನ ಜನರಿಗೆ ಎದುರು ನಿಲ್ಲಲು ಒಂದು ಸರ್ಕಾರವಿತ್ತು. ಅಜ್ಜಿಗೆ ‘ಇಲ್ಲ’ ಅಂದದ್ದು ಯಾರು? ಅಂಗಡಿಯವನು ಯಂತ್ರ ತೋರಿಸುತ್ತಾನೆ, ಯಂತ್ರ ಎಲ್ಲೋ ದೂರದ ಸರ್ವರ್ ಕೇಳುತ್ತದೆ. ಬಡವರು ದಿನವೂ ತಮ್ಮ ಗುರುತು ಸಾಬೀತು ಮಾಡಬೇಕು, ಕೇಳುವವರು ಮಾತ್ರ ಅನಾಮಿಕರಾಗಿಯೇ ಇರಬಹುದು.

ಮೂರನೆಯ ದಿನ ಯಂತ್ರ ಅಜ್ಜಿಯ ಕಿರುಬೆರಳನ್ನು ಒಪ್ಪಿತು. ಅಕ್ಕಿ ಬಂತು. ಅವಳ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.