ಮೊರಾರ್ಜಿ ಸರ, ಅಮ್ಮನ ಕಡಗ

ಅಮ್ಮನ ಒಡವೆ ಡಬ್ಬಿಯಲ್ಲಿ ಹೇಳಿಕೊಳ್ಳುವಂಥ ವಸ್ತುಗಳು ಎರಡೇ ಇದ್ದವು. ಒಂದು ಜೊತೆ ಕಡಗ, ಒಂದು ಸರ. ಕಡಗ ಗೌರಿಹಬ್ಬಕ್ಕೆ, ನೆಂಟರ ಮದುವೆಗೆ ಮಾತ್ರ ಹೊರಬರುತ್ತಿತ್ತು. ಮನೆಗೆ ಬಂದ ಕೂಡಲೇ ಅಮ್ಮ ಅದನ್ನು ಹಳೆಯ ಪಂಚೆಯ ಮೆತ್ತನೆ ತುಂಡಿನಿಂದ ಒರೆಸಿ, ಅಕ್ಕಸಾಲಿಗರು ಕೊಡುವ ಗುಲಾಬಿ ಕಾಗದದಲ್ಲಿ ಸುತ್ತಿ ಇಡುತ್ತಿದ್ದಳು. ಉಳಿದವರು ಒಡವೆಯನ್ನು ಅಂಟುವಾಳದ ನೀರಿನಲ್ಲಿ ಬ್ರಷ್ಷು ಹಾಕಿ ತಿಕ್ಕಿ ತೊಳೆಯುತ್ತಿದ್ದರೆ ಅಮ್ಮ ತನ್ನ ಕಡಗವನ್ನು ಆ ತಟ್ಟೆಗೆ ಹಾಕುತ್ತಲೇ ಇರಲಿಲ್ಲ. ಅವಳಿಗೆ ಅದರ ಮೇಲೆ ಅಷ್ಟು ಅಕ್ಕರೆ ಎಂದೇ ನಾವೆಲ್ಲ ತಿಳಿದಿದ್ದೆವು.

ಸರದ ಪಾಡು ಬೇರೆ. ಅದು ದಿನವೂ ಕೊರಳಲ್ಲಿ ಇರುತ್ತಿತ್ತು, ಒಲೆಯ ಮುಂದೆಯೂ ಕೊಟ್ಟಿಗೆಯಲ್ಲೂ. ಬಣ್ಣ ಸ್ವಲ್ಪ ಕೆಂಪು, ಹೊಳಪು ಕಡಿಮೆ. ಅತ್ತೆಯಂದಿರು ಅದಕ್ಕೆ 'ಮೊರಾರ್ಜಿ ಸರ' ಎಂದು ಹೆಸರಿಟ್ಟು ನಗುತ್ತಿದ್ದರು. ಆ ಹೆಸರು ಯಾಕೆ ಬಂತೆಂದು ನನಗೆ ಗೊತ್ತಾಗುವ ಹೊತ್ತಿಗೆ ನಾನು ಬಿ.ಎ. ಮುಗಿಸಿದ್ದೆ. ಇತಿಹಾಸವನ್ನೇ ಮುಖ್ಯ ವಿಷಯವಾಗಿ ಓದಿದವಳು ನಾನು. ಆದರೂ ಅಮ್ಮನ ಕೊರಳಲ್ಲಿದ್ದ ಇತಿಹಾಸ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

1962ರ ಅಕ್ಟೋಬರಿನಲ್ಲಿ ಚೀನಾದೊಂದಿಗೆ ಯುದ್ಧವಾಯಿತು. ದೇಶದ ಉದ್ದಗಲಕ್ಕೂ ಹೆಂಗಸರು ಬಳೆ, ಸರ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಕೊಟ್ಟದ್ದು ಎಷ್ಟೇ ಇರಲಿ, ಮನೆಗಳಲ್ಲಿ ಉಳಿದ ಚಿನ್ನ ಅದಕ್ಕಿಂತ ಬಹಳ ಹೆಚ್ಚು ಎಂಬುದು ಸರ್ಕಾರಕ್ಕೂ ಗೊತ್ತಿತ್ತು. ಹೊರದೇಶದಿಂದ ಕಳ್ಳತನದಲ್ಲಿ ಬರುವ ಚಿನ್ನಕ್ಕೆ ವಿದೇಶಿ ವಿನಿಮಯ ಸೋರಿಹೋಗುತ್ತಿತ್ತು. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. ಅದರಂತೆ 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದು. ಜನಕ್ಕೆ ಚಿನ್ನದ ಮೇಲಿನ ಆಸೆ ಕಡಿಮೆಯಾಗಲಿ ಎಂಬುದು ಉದ್ದೇಶ. ಆಸೆ ಕಡಿಮೆಯಾಗಲಿಲ್ಲ, ಕೆಲಸ ಕಡಿಮೆಯಾದದ್ದು ಅಕ್ಕಸಾಲಿಗರಿಗೆ. ಬದುಕಲಾರದೆ ಪ್ರಾಣ ಕಳೆದುಕೊಂಡವರೂ ಉಂಟು.

ಕ್ಯಾರೆಟ್ಟಿನ ಲೆಕ್ಕ ನನ್ನ ಮಕ್ಕಳಿಗೆ ಭಿನ್ನರಾಶಿಯಂತೆ ಹೇಳಿಕೊಡುತ್ತೇನೆ. ಅಪರಂಜಿ ಎಂದರೆ 24ಕ್ಕೆ 24. ನಾವು ಹಾಕುವ ಒಡವೆ 22, ಅಂದರೆ ನೂರಕ್ಕೆ 91.6 ಚಿನ್ನ, ಉಳಿದದ್ದು ತಾಮ್ರವೋ ಬೆಳ್ಳಿಯೋ. 14 ಎಂದರೆ ನೂರಕ್ಕೆ 58ರಷ್ಟೇ. ಅದೂ ಚಿನ್ನವೇ, ಗಟ್ಟಿಯೂ ಹೌದು, ಸವೆಯುವುದೂ ಕಡಿಮೆ. ಆದರೆ ತಾಮ್ರ ಹೆಚ್ಚಾದರೆ ಬಣ್ಣ ಕೆಂಪಾಗುತ್ತದೆ. ನಮ್ಮ ಜನ ಚಿನ್ನವನ್ನು ತೂಕದಿಂದ ಕೊಂಡರೂ ಬಣ್ಣದಿಂದಲೇ ನಂಬುವುದು. ಕೋಲಾರದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡು, 1962ರಲ್ಲಿ ಅವು ಕೇಂದ್ರದ ಕೈಗೆ ಹೋಗಿದ್ದವು. "ನಮ್ಮ ನೆಲದಲ್ಲೇ ಅಗೀತಾರೆ, ನಮ್ಗೆ ಮಾತ್ರ ತಾಮ್ರ ಬೆರ್ಸಿ ಕೊಡ್ತಾರೆ" ಎಂದು ಅಮ್ಮಮ್ಮ ಬೈಯುತ್ತಿದ್ದರಂತೆ.

ಅಮ್ಮನ ಮದುವೆ ನಡೆದದ್ದು ಅದೇ 1963ರ ಮೇ ತಿಂಗಳಲ್ಲಿ.

ಅಪ್ಪನ ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಕಾನೂನು ಎಂದರೆ ಕಾನೂನು ಎನ್ನುವವರು. ಅವರು ಸೊಸೆಗೆಂದು 28 ಗ್ರಾಂ ತೂಕದ, 14 ಕ್ಯಾರೆಟ್ಟಿನ ಸರ ಮಾಡಿಸಿದರು. ಅದೇ ಮೊರಾರ್ಜಿ ಸರ. ಹೆಣ್ಣಿನ ಕಡೆಯವರು ಕಡಗ ಹಾಕಬೇಕೆಂದು ಮಾತಾಗಿತ್ತು. ಅಮ್ಮಮ್ಮ ಅಡಿಕೆ ಮಾರಿದ ದುಡ್ಡು ಹಿಡಿದುಕೊಂಡು ಆಚಾರ್ರ ಬಳಿ ಹೋದರು. 22ರಲ್ಲಿ ಮಾಡುವ ಹಾಗಿಲ್ಲ, 14ರಲ್ಲಿ ಬೇಕಾದರೆ ಆಗಬಹುದು ಎಂದರು ಆಚಾರ್ರು. ಕೆಂಪು ಕಡಗ ಹಾಕಿ ಹುಡುಗಿಯನ್ನು ಕಳಿಸಿದರೆ ಬೀಗರ ಮನೆಯ ಹೆಂಗಸರು ಏನೆಂದಾರು ಎಂದು ಅಮ್ಮಮ್ಮನಿಗೆ ಯೋಚನೆ. ಆಗ ಆಚಾರ್ರೇ ಒಂದು ದಾರಿ ತೋರಿಸಿದರು: ಕಡಗ ಬೆಳ್ಳಿಯಲ್ಲಿ ಮಾಡೋಣ, ಮೇಲೆ ಚಿನ್ನದ ಮುಲಾಮು ಕೊಡೋಣ. ಕಾನೂನು ಸಡಿಲವಾದ ಮೇಲೆ ಒಳ್ಳೆ ಚಿನ್ನದಲ್ಲಿ ಮಾಡಿಸಿ ಬದಲಾಯಿಸಿದರಾಯಿತು.

ಮುಲಾಮು ಹಾಕಿದ್ದನ್ನು ಹತ್ತೊಂಬತ್ತು ವರ್ಷದ ಅಮ್ಮ ಹಿತ್ತಿಲ ಬೇಲಿಯ ಆಚೆ ನಿಂತು ನೋಡಿದ್ದಳು. ಅಮ್ಮಮ್ಮನ ಒಂದು ಹಳೆಯ ಬುಗುಡಿಯನ್ನು ತೆಳ್ಳಗೆ ಬಡಿದು ಚೂರು ಮಾಡಿ ಪಾದರಸದಲ್ಲಿ ಕರಗಿಸಿದರು. ಅದು ಬೆಣ್ಣೆಯ ಹದಕ್ಕೆ ಬಂತು, ಬಣ್ಣ ಮಾತ್ರ ಬಿಳಿ. ಹುಣಸೆಹುಳಿಯಲ್ಲಿ ತೊಳೆದ ಬೆಳ್ಳಿ ಕಡಗಕ್ಕೆ ಆ ಬೆಣ್ಣೆಯನ್ನು ಸವರಿ ಕೆಂಡದ ಮೇಲೆ ಹಿಡಿದರು. ಪಾದರಸ ಆವಿಯಾಗಿ ಹೋಗಿ, ಕಾಣದಿದ್ದ ಚಿನ್ನ ಮಂಕಾದ ಹಳದಿಯಾಗಿ ಬೆಳ್ಳಿಗೆ ಕಚ್ಚಿಕೊಂಡು ಉಳಿಯಿತು. ಆಮೇಲೆ ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತಂದರು. "ಗಾಳಿ ಈ ಕಡೆ ಬೀಸ್ತಾ ಉಂಟು, ದೂರ ಹೋಗು ತಂಗಿ" ಎಂದು ಆಚಾರ್ರು ಗದರಿದ್ದು ಅಮ್ಮನಿಗೆ ಈಗಲೂ ನೆನಪಿದೆ. ಪಾದರಸದ ಹೊಗೆ ವಿಷ. ಈ ಕೆಲಸ ಮಾಡುವವರಿಗೆ ಕೈ ನಡುಕ ಬರುವುದುಂಟು.

ಇದು ಆಚಾರ್ರ ಸ್ವಂತ ಉಪಾಯವೇನೂ ಅಲ್ಲ. ಎರಡು ಸಾವಿರ ವರ್ಷಕ್ಕೂ ಹಳೆಯ ಕಸುಬು. ಚೀನಾ, ರೋಮ್‌ಗಳಲ್ಲೂ ಗೊತ್ತಿತ್ತು. ವಿದ್ಯುತ್ತಿನಿಂದ ಚಿನ್ನ ಲೇಪಿಸುವುದನ್ನು 1805ರಲ್ಲಿ ಇಟಲಿಯ ಬ್ರುನ್ಯಾತೆಲ್ಲಿ ಮಾಡಿ ತೋರಿಸಿದ. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್ ಮನೆತನದವರು ಅದಕ್ಕೆ ಪೇಟೆಂಟು ಪಡೆದ ಮೇಲೆ ಪಾದರಸದ ಕೆಲಸ ಮೆಲ್ಲಗೆ ಹಿಂದೆ ಸರಿಯಿತು. ಈಗ ನಾವು ಅಂಗಡಿಯಲ್ಲಿ ನೋಡುವುದೆಲ್ಲ ಈ ವಿದ್ಯುತ್ತಿನ ಮುಲಾಮೇ.

ಬೆಳ್ಳಿಯ ಮೇಲೆ ಚಿನ್ನ ಎಂದ ಕೂಡಲೇ ಮೂಗು ಮುರಿಯುವವರಿಗೆ ನಾನು ಒಂದು ಮಾತು ಕೇಳುವುದುಂಟು: ನಿಮ್ಮ ಮದುವೆ ಸೀರೆಯ ಜರಿ ಯಾವುದು? ಒಳ್ಳೆಯ ಜರಿ ಎಂದರೆ ಬೆಳ್ಳಿಯ ಎಳೆಗೆ ಚಿನ್ನದ ಲೇಪ. ಮೈಸೂರಿನ ಸರ್ಕಾರಿ ಕಾರ್ಖಾನೆಯ ರೇಷ್ಮೆ ಸೀರೆಯ ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, ಚಿನ್ನ 0.65 ಭಾಗ. ಅದನ್ನು ನಾವು ಅಪ್ಪಟ ಜರಿ ಎಂದೇ ಕರೆಯುತ್ತೇವೆ, ಯಾರೂ ನಕಲಿ ಎನ್ನುವುದಿಲ್ಲ. ಬೀದಿಯಲ್ಲಿ "ಹಳೇ ಜರಿ ಸೀರೆ" ಎಂದು ಕೂಗಿಕೊಂಡು ಬರುವವರು ಸೀರೆ ಒಯ್ದು ಸುಟ್ಟು ತೆಗೆಯುವುದು ಮುಖ್ಯವಾಗಿ ಆ ಬೆಳ್ಳಿಯನ್ನೇ. ಸೊಂಟದ ಡಾಬು ಬೆಳ್ಳಿಯದೇ, ಮೇಲೆ ಮುಲಾಮು. ಭರತನಾಟ್ಯದ ಹುಡುಗಿಯರು ತೊಡುವ ಕೆಂಪು ಕಲ್ಲಿನ ಒಡವೆಗಳನ್ನು ನಾಗರಕೋಯಿಲಿನ ವಡಶೇರಿಯಲ್ಲಿ ಬೆಳ್ಳಿಯ ಮೇಲೆ ಚಿನ್ನದ ರೇಕು ಕೂರಿಸಿಯೇ ಮಾಡುತ್ತಾ ಬಂದಿದ್ದಾರೆ. ಮೈಸೂರು ದಸರಾದ ಚಿನ್ನದ ಅಂಬಾರಿಗೂ ಒಳಗಿರುವುದು ಮರ, ಹೊರಗೆ ಚಿನ್ನದ ತಗಡು. 2021ರಲ್ಲಿ ನೀರಜ್ ಚೋಪ್ರಾ ಟೋಕಿಯೋದಲ್ಲಿ ಗೆದ್ದ ಪದಕ ಪೂರಾ ಚಿನ್ನವೇ ಎಂದು ನಮ್ಮ ಒಂಬತ್ತನೆಯ ತರಗತಿಯ ಹುಡುಗ ಕೇಳಿದ್ದ. ಅರ್ಧ ಕಿಲೋ ದಾಟಿದ ಆ ಪದಕದಲ್ಲಿ ಚಿನ್ನ 6 ಗ್ರಾಮಿನ ಆಸುಪಾಸು, ಉಳಿದದ್ದು ಬೆಳ್ಳಿ. ಪೂರಾ ಚಿನ್ನದ ಪದಕ ಕೊಟ್ಟದ್ದು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೇ ಕೊನೆ ಎಂದಾಗ ಅವನಿಗೆ ತುಂಬಾ ಬೇಸರವಾಯಿತು.

ಇವುಗಳಲ್ಲಿ ಯಾವುದನ್ನೂ ಯಾರೂ ಅಡವಿಡಲು ಒಯ್ಯುವುದಿಲ್ಲ. ಅದೇ ವ್ಯತ್ಯಾಸ.

1991ರಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ಲು ಎಂದು ದುಡ್ಡು ಬೇಕಿತ್ತು. ಆ ವರ್ಷ ಕೊಳೆರೋಗ ಬಂದು ಅಡಿಕೆ ಕೈಕೊಟ್ಟಿತ್ತು. ಅಪ್ಪ ಸೊಸೈಟಿಯಲ್ಲಿ ಒಡವೆ ಇಟ್ಟು ತರುತ್ತೇನೆಂದರು. ಅಮ್ಮ ಏನೂ ಮಾತಾಡದೆ ಕೊರಳಿನ ಸರ ಬಿಚ್ಚಿ ಕೊಟ್ಟಳು.

"ಈ ಮೊರಾರ್ಜಿ ಸರಕ್ಕೆ ಯಾರು ದುಡ್ಡು ಕೊಡ್ತಾರೆ? ಕಡಗ ತೆಗಿ," ಎಂದರು ಅಪ್ಪ.

"ಕಡಗ ಬೇಡ. ಸರ ತಗೊಂಡು ಹೋಗಿ."

ಅಪ್ಪ ಕೇಳಲಿಲ್ಲ. ಎರಡನ್ನೂ ತಗೊಂಡು ನನ್ನನ್ನೂ ಕರೆದುಕೊಂಡು ಹೊರಟರು.

ಚಿನ್ನ ನೋಡುವ ಶೇಟರು ಕಡಗವನ್ನು ಅಂಗೈಯಲ್ಲಿಟ್ಟು ಒಮ್ಮೆ ಮೇಲೆ ಕೆಳಗೆ ಆಡಿಸಿದರು. ಅಷ್ಟಕ್ಕೇ ಅವರಿಗೆ ಗೊತ್ತಾಗಿತ್ತೆಂದು ಈಗ ನನಗನ್ನಿಸುತ್ತದೆ. ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ, ಬೆಳ್ಳಿ ಹತ್ತೂವರೆ ಪಟ್ಟು. ಅಷ್ಟು ದಪ್ಪದ ಕಡಗ ಚಿನ್ನದ್ದಾಗಿದ್ದರೆ ಕೈಯನ್ನು ಜಗ್ಗಬೇಕಿತ್ತು. ಆದರೂ ಒರೆಗಲ್ಲಿನ ಮೇಲೆ ಒಮ್ಮೆ ತೀಡಿದರು. ಹಳದಿ ಗೆರೆ ಬಂತು. ಅಪ್ಪನ ಮುಖ ಗೆಲುವಾಗಿಯೇ ಇತ್ತು. ಆಮೇಲೆ ಶೇಟರು ಸಣ್ಣ ಅರ ತೆಗೆದು ಒಳಬದಿಯಲ್ಲಿ ಒಂದು ಕಚ್ಚು ಹಾಕಿ ಅಪ್ಪನ ಕಡೆಗೆ ತಿರುಗಿಸಿದರು. ಕಚ್ಚಿನಲ್ಲಿ ಬೆಳ್ಳಗೆ ಕಾಣಿಸಿತು. ಸುತ್ತ ನಾಲ್ಕು ಜನ ಇದ್ದರು. ಶೇಟರು ಒಳ್ಳೆಯವರು, ದನಿ ಏರಿಸಲಿಲ್ಲ. "ಇದು ಮನೇಲೇ ಇರ್ಲಿ. ಆ ಸರ ಕೊಡಿ, ನೋಡುವ," ಎಂದರು.

ಸರದ ಗೆರೆಗೆ ಆಮ್ಲದ ಹನಿ ಬಿಟ್ಟು, ಮಾದರಿ ಕಡ್ಡಿಗಳ ಗೆರೆಯೊಂದಿಗೆ ಹೋಲಿಸಿ, ತೂಕ ಮಾಡಿ ಲೆಕ್ಕ ಬರೆದರು. 28 ಗ್ರಾಮಿನಲ್ಲಿ ಅಪ್ಪಟ ಚಿನ್ನ 16 ಗ್ರಾಂ ಚಿಲ್ಲರೆ. ಆ ಲೆಕ್ಕದ ಮೇಲೆ ಸಾಲ ಸಿಕ್ಕಿತು. ಇಪ್ಪತ್ತೆಂಟು ವರ್ಷ ನಗಿಸಿಕೊಂಡ ಸರದ ದುಡ್ಡಿನಲ್ಲಿ ನಾನು ಟೀಚರಾದೆ.

ಬಸ್ಸಿನಲ್ಲಿ ಅಪ್ಪ ಮಾತಾಡಲಿಲ್ಲ. ಮನೆಗೆ ಬಂದು ಕಡಗವನ್ನು ಅಮ್ಮನ ಮುಂದೆ ಇಟ್ಟು "ಇಪ್ಪತ್ತೆಂಟು ವರ್ಷ" ಎಂದಷ್ಟೇ ಹೇಳಿದರು. ಅಮ್ಮ ಅವರ ಮುಖ ನೋಡಲಿಲ್ಲ. "ನಾನು ಸರ ಕೊಟ್ಟಿದ್ದೆ" ಎಂದಳು.

ಉಳಿದ ಕಥೆಯನ್ನು ಅಮ್ಮ ನನಗೆ ಹೇಳಿದ್ದು ಅಪ್ಪ ಹೋದ ಮೇಲೆ. ಕಡಗಕ್ಕೆಂದು ಇಟ್ಟಿದ್ದ ಅಡಿಕೆಯ ದುಡ್ಡು ನನ್ನ ಸೋದರಮಾವನ ಇಂಜಿನಿಯರಿಂಗ್ ಓದಿಗೆ ಹೋಯಿತು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಹೋಯಿತು. 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯ್ದೆಯೂ 1990ರಲ್ಲಿ ರದ್ದಾಯಿತು. ಕಡಗ ಬದಲಾಯಿಸುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಮಾವ ಕೆಟ್ಟವರಲ್ಲ, ಅವರಿಗೆ ಈ ಸಂಗತಿಯೇ ಗೊತ್ತಿರಲಿಕ್ಕಿಲ್ಲ. ಮಗಳ ಕೈಯ ಚಿನ್ನ ಮಗನ ಓದಾಗುವುದು ನಮ್ಮ ಕಡೆ ಅಂಥ ಅಪರೂಪವೂ ಅಲ್ಲ. ಆದರೆ ಗುಟ್ಟು ಕಾಯುವ ಕೆಲಸವನ್ನು ಪೂರ್ತಿಯಾಗಿ ಅಮ್ಮನಿಗೇ ಬಿಟ್ಟರಲ್ಲ ಎಂಬುದು ನನಗೆ ಇವತ್ತಿಗೂ ಸಹಿಸುವುದಿಲ್ಲ. ಅಂಟುವಾಳದ ತಟ್ಟೆಯಿಂದ ಕಡಗವನ್ನು ದೂರ ಇಟ್ಟದ್ದು ಅಕ್ಕರೆಯಿಂದಲ್ಲ. ಪ್ರತಿ ಸಲ ತಿಕ್ಕಿದಾಗಲೂ ಅಂಚಿನಲ್ಲಿ ಬಿಳಿ ಇಣುಕೀತೆಂಬ ಹೆದರಿಕೆಯಿಂದ.

2025ರ ಏಪ್ರಿಲಿನಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿತು. ಅದೇ ಬೇಸಿಗೆಯಲ್ಲಿ ನನ್ನ ಮಗಳ ಮದುವೆ. ಅವಳು ಶಿವಮೊಗ್ಗದ ಅಂಗಡಿಯಲ್ಲಿ ಕುಳಿತು ಮಾಂಗಲ್ಯ ಮತ್ತು ಎರಡು ಬಳೆಯನ್ನು ಮಾತ್ರ ಚಿನ್ನದಲ್ಲಿ ಆರಿಸಿ, ಉಳಿದ ಇಡೀ ಸೆಟ್ಟನ್ನು ಚಿನ್ನದ ಲೇಪದ ಬೆಳ್ಳಿಯಲ್ಲೇ ತೆಗೆದುಕೊಳ್ಳುತ್ತೇನೆಂದಳು. ನನ್ನ ಎದೆ ಧಸಕ್ಕೆಂದಿತು. "ಬೀಗರಿಗೆ ಏನು ಹೇಳ್ತೀಯೆ?" ಎಂದೆ. "ಬೆಳ್ಳಿ ಅಂತ ಹೇಳ್ತೀನಮ್ಮ, ಅದ್ರಲ್ಲೇನು?" ಎಂದಳು.

ಮೇಷ್ಟ್ರ ಬುದ್ಧಿ ಬಿಡುತ್ತದೆಯೇ, ಮಾರುವ ಹುಡುಗನನ್ನು ಪ್ರಶ್ನೆ ಕೇಳಿ ಸುಸ್ತು ಮಾಡಿದೆ. ಬೆಳ್ಳಿ 92.5 ಎಂದಾದರೆ ಮುದ್ರೆ ಎಲ್ಲಿದೆ? ಲೇಪ ಎಷ್ಟು ಮೈಕ್ರಾನ್? ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅಮೆರಿಕದಲ್ಲಿ ಇಂಥ ಒಡವೆಯನ್ನು 'ವರ್ಮೇ' ಎಂಬ ಹೆಸರಿನಲ್ಲಿ ಮಾರಬೇಕಾದರೆ ಲೇಪ ಎರಡೂವರೆ ಮೈಕ್ರಾನ್ ಆದರೂ ಇರಬೇಕು. ಅಷ್ಟು ದಪ್ಪಕ್ಕೂ ಒಂದು ಚದರ ಸೆಂಟಿಮೀಟರಿಗೆ ಹಿಡಿಯುವ ಚಿನ್ನ 5 ಮಿಲಿಗ್ರಾಂ ಮಾತ್ರ. ಅರ್ಧ ಮೈಕ್ರಾನಿನ ಲೇಪವಾದರೆ ಬೆವರಿಗೆ, ಸೆಂಟಿಗೆ ಬೇಗ ಬಿಟ್ಟುಕೊಳ್ಳುತ್ತದೆ. ಲೇಪ ತೆಳ್ಳಗಿದ್ದರೆ ಒಳಗಿನ ಬೆಳ್ಳಿ ಮೆಲ್ಲಗೆ ಮೇಲಕ್ಕೆ ಬಂದು ಕಪ್ಪಾಗುವುದೂ ಉಂಟು. ಮತ್ತೆ ಮುಲಾಮು ಹಾಕಿಸಬಹುದು, ಸಣ್ಣ ಖರ್ಚು. 'ಒಂದು ಗ್ರಾಂ ಗೋಲ್ಡ್' ಎಂದು ಮಾರುವುದರ ಒಳಗಿರುವುದು ಸಾಮಾನ್ಯವಾಗಿ ತಾಮ್ರವೋ ಹಿತ್ತಾಳೆಯೋ. ಅದಕ್ಕಿಂತ ಇದು ಎಷ್ಟೋ ಮೇಲು. ಮಾರುವಾಗ ಬೆಳ್ಳಿಯ ತೂಕಕ್ಕಾದರೂ ಬೆಲೆಯಿದೆ, ಮೇಲಿನ ಚಿನ್ನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಡುಗ ಎಲ್ಲಕ್ಕೂ ಉತ್ತರ ಕೊಟ್ಟು, ಬಿಲ್ಲಿನಲ್ಲಿ 'ಬೆಳ್ಳಿ, ಚಿನ್ನದ ಲೇಪ' ಎಂದು ಬರೆದ. ಚಿನ್ನದ ಬಳೆಗೆ 2021ರಿಂದ ಕಡ್ಡಾಯವಾದ ಹಾಲ್‌ಮಾರ್ಕಿನ ಸಂಖ್ಯೆಯನ್ನು ಭೂತಗನ್ನಡಿ ಹಿಡಿದು ತೋರಿಸಿದ. 1963ರಲ್ಲಿ ಅಮ್ಮನ ಕಡಗಕ್ಕೂ ಹೀಗೊಂದು ಬಿಲ್ಲು ಇದ್ದಿದ್ದರೆ ಎಂದುಕೊಂಡೆ.

ಸೆಟ್ಟು ಚೆನ್ನಾಗಿ ಒಪ್ಪಿತು. ಎಷ್ಟೋ ಹೆಂಗಸರು ಕೈಯಲ್ಲಿ ಹಿಡಿದು ನೋಡಿದರು. ಆದರೂ ಮಗಳಿಗೆ ಗುಟ್ಟಾಗಿ ಹೇಳಿದ್ದೇನೆ: ಸಂಬಳದಲ್ಲಿ ಉಳಿಸಿ ವರ್ಷಕ್ಕೊಂದು ಸಣ್ಣ ಚಿನ್ನದ ನಾಣ್ಯವನ್ನಾದರೂ ನಿನ್ನ ಹೆಸರಿನಲ್ಲಿ ತೆಗೆದಿಡು, ಅದನ್ನು ಯಾರಿಗೂ ತೋರಿಸುವುದು ಬೇಡ. ಅವಳು ನಕ್ಕಳು. ತೆಗೆದಿಡುತ್ತಾಳೋ ಇಲ್ಲವೋ ಗೊತ್ತಿಲ್ಲ.

ಮದುವೆ ಗಲಾಟೆ ಮುಗಿದ ಮೇಲೆ ಅಮ್ಮ ತನ್ನ ಕಡಗವನ್ನು ನನ್ನ ಕೈಗೆ ಕೊಟ್ಟಳು. ಅವಳಿಗೀಗ ಎಂಬತ್ತೊಂದು. ನಾನು ಅದನ್ನು ಶಾಲೆಗೆ ಒಯ್ದು ವಿಜ್ಞಾನದ ಮೇಷ್ಟ್ರ ತಕ್ಕಡಿಯಲ್ಲಿಟ್ಟೆ. ಜೊತೆಗೆ 42 ಗ್ರಾಂ. ಅಳತೆಯ ಜಾಡಿಯ ನೀರಿನಲ್ಲಿ ಮುಳುಗಿಸಿದಾಗ ನೀರು 4 ಮಿಲಿಲೀಟರ್ ಏರಿತು. 22 ಕ್ಯಾರೆಟ್ ಚಿನ್ನವಾಗಿದ್ದರೆ ಎರಡೂವರೆಯನ್ನೂ ಮುಟ್ಟುತ್ತಿರಲಿಲ್ಲ. ಆರ್ಕಿಮಿಡೀಸನ ಕಥೆ ಕೇಳಿದ್ದ ಮಕ್ಕಳು ಸುತ್ತ ನಿಂತು ಲೆಕ್ಕ ಹಾಕಿ, "ಟೀಚರ್, ಇದು ಬೆಳ್ಳಿ!" ಎಂದು ಕೂಗಿದರು. ಹೌದು ಎಂದೆ.

ಮತ್ತೆ ಮುಲಾಮು ಹಾಕಿಸಲೇ ಎಂದು ಅಮ್ಮನನ್ನು ಕೇಳಿದೆ. "ಬೇಡ, ತೊಳ್ದಿಡು," ಎಂದಳು. ಅಂಟುವಾಳದ ನೊರೆಯಲ್ಲಿ ಬ್ರಷ್ಷು ಹಾಕಿ ಚೆನ್ನಾಗಿ ತಿಕ್ಕಿದೆ. ಅಂಚೆಲ್ಲ ಬೆಳ್ಳಗಾಯಿತು, ಹೂವಿನ ಕೆತ್ತನೆಯ ತಗ್ಗಿನಲ್ಲಿ ಮಾತ್ರ ಆ ಬುಗುಡಿಯ ಚಿನ್ನ ಉಳಿದುಕೊಂಡಿತು. ಒಂದು ಚೀಟಿಯಲ್ಲಿ 'ಬೆಳ್ಳಿ, 42 ಗ್ರಾಂ, 1963' ಎಂದು ಬರೆದು, ಅದರ ಜೊತೆಗೇ ಗುಲಾಬಿ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ.