ಹತ್ತಡಿ ರೂಮಿನ ಗರಡಿ: ಮನೆ ಜಿಮ್ಮಿನ ಹಳೇ ಕಥೆ

ಈ ಸಂಚಿಕೆಗೆ ಒಂದೇ ಪ್ರಶ್ನೆ: ಸಣ್ಣ ಬಾಡಿಗೆ ಮನೆ, ಕೈಯಲ್ಲಿ ಸ್ವಲ್ಪವೇ ದುಡ್ಡು. ವ್ಯಾಯಾಮಕ್ಕೆ ಯಾವ ಸಾಮಾನು ತಗೋಬೇಕು? ನಾನು ಟ್ರೈನರ್ ಅಲ್ಲ, ಇತಿಹಾಸ ಹೇಳೋನು. ಆದ್ರೆ ಇದಕ್ಕೆ ನೂರು ವರ್ಷದ ಹಿಂದೆಯೇ ಉತ್ತರ ಹುಡುಕಿದ್ದಾರೆ.

ಮೊದಲು ಗರಡಿಮನೆಗೆ ಹೋಗೋಣ. ಅಲ್ಲಿನ ಗದೆ ನೋಡಿ. ಭಾರ ಇರೋದು ತುದಿಯಲ್ಲಿ. ಗುಂಡಿನ ಹತ್ತಿರ ಹಿಡಿದ್ರೆ ಹಗುರ, ದೂರ ಹಿಡಿದ್ರೆ ಅದೇ ಗದೆ ಭಾರ. ಅಂದ್ರೆ ಒಂದೇ ಸಾಮಾನಿನಲ್ಲಿ ಹಲವು ತೂಕ. ನಮ್ಮ ಮುದ್ಗರಗಳನ್ನ 19ನೇ ಶತಮಾನದಲ್ಲಿ ಬ್ರಿಟಿಷರು ತಮ್ಮೂರಿಗೆ ಒಯ್ದು 'ಇಂಡಿಯನ್ ಕ್ಲಬ್ಸ್' ಅಂದ್ರು. ಕ್ಲಬ್ ತಿರುಗಿಸೋದು 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯೂ ಆಗಿತ್ತು. ಆದ್ರೆ ಗರಡಿಯಲ್ಲಿ ಕೆಳಗೆ ಮೆತ್ತನೆ ಮಣ್ಣು. ನಮ್ಮಲ್ಲಿ ಕೆಳಗೆ ಟೈಲ್ಸ್, ಮೇಲೆ ಫ್ಯಾನು!

ಎರಡನೇ ಉತ್ತರ ಯೂಜೆನ್ ಸ್ಯಾಂಡೋನದ್ದು. ಸ್ಯಾಂಡೋ ಬನಿಯನ್ ಅಂತೀವಲ್ಲ, ಅದೇ ಸ್ಯಾಂಡೋ. 1904–05ರಲ್ಲಿ ಭಾರತಕ್ಕೂ ಬಂದಿದ್ದ. ಗೋಡೆಗೆ ಸಿಕ್ಕಿಸಿ ಎಳೆಯೋ ರಬ್ಬರ್ ಹಗ್ಗದ ಸಾಧನ, ಸ್ಪ್ರಿಂಗ್ ಇರೋ ಡಂಬೆಲ್ ಮಾರ್ತಿದ್ದ. ಇವತ್ತಿನ ರೆಸಿಸ್ಟೆನ್ಸ್ ಬ್ಯಾಂಡ್ ಅದೇ ವಂಶದ್ದು. ಡ್ರಾಯರ್‌ನಲ್ಲಿ ಇಡಬಹುದು, ಬಿದ್ರೂ ಸದ್ದಿಲ್ಲ.

ಮೂರನೇದು ಅಮೆರಿಕದ ಫಿಲಡೆಲ್ಫಿಯಾದ್ದು. 1902ರಲ್ಲಿ ಅಲನ್ ಕ್ಯಾಲ್ವರ್ಟ್ ಮೈಲೋ ಬಾರ್‌ಬೆಲ್ ಕಂಪನಿ ಶುರು ಮಾಡಿದ. ಅವನು ಮಾರಿದ್ದು ತೂಕ ಹೆಚ್ಚು-ಕಮ್ಮಿ ಮಾಡಬಹುದಾದ ಬಾರ್‌ಬೆಲ್. ಹತ್ತು ಜೊತೆ ಡಂಬೆಲ್ ಜಾಗದಲ್ಲಿ ಒಂದೇ ಸರಳು.

ಇನ್ನು ನಮ್ಮ ಬೆಂಗಳೂರು. ಇಲ್ಲಿ ವ್ಯಾಯಾಮಶಾಲೆ ನಡೆಸ್ತಿದ್ದ ಕೆ.ವಿ. ಅಯ್ಯರ್ ಗೊತ್ತಲ್ಲ, 'ಶಾಂತಲಾ' ಕಾದಂಬರಿ ಬರೆದವರು? ಶಾಲೆಗೆ ಬರೋಕಾಗದವರಿಗೆ ಅಂಚೆಯಲ್ಲಿ ಪಾಠ ಕಳಿಸ್ತಿದ್ರು. ಕಬ್ಬಿಣ ಎತ್ತೋದನ್ನೂ ಸೂರ್ಯನಮಸ್ಕಾರವನ್ನೂ ಜೊತೆಗೇ ಕಲಿಸಿದ್ರು. ಸೂರ್ಯನಮಸ್ಕಾರಕ್ಕೆ ಬೇಕಿರೋದು ಒಂದು ಚಾಪೆಯ ಜಾಗ ಅಷ್ಟೇ.

ಇವರೆಲ್ಲರಲ್ಲೂ ನನಗೆ ಕಾಣೋದು ಒಂದೇ ಲೆಕ್ಕ: ನಿಮ್ಮ ಬಲ ಬೆಳೆದಂತೆ ಸಾಮಾನಿನ ಕಷ್ಟ ಬೆಳೀಬೇಕು, ಅದು ಹಿಡಿಯೋ ಜಾಗ ಬೆಳೀಬಾರದು. ದೊಡ್ಡ ಮೆಷಿನ್ ತಂದ್ರೆ ಎರಡು ತಿಂಗಳಲ್ಲಿ ಅದರ ಮೇಲೆ ಬಟ್ಟೆ ಒಣಗ್ತಿರುತ್ತೆ, ಮನೆ ಬದಲಿಸೋವಾಗ ಅದೇ ತಲೆನೋವು. ಹಾಗಾಗಿ ಮೊದಲು ಚಾಪೆ ಮತ್ತು ಬ್ಯಾಂಡ್. ಮೂರು ತಿಂಗಳು ತಪ್ಪದೆ ಮಾಡಿದ್ರೆ, ಆಮೇಲೆ ತೂಕ ಬದಲಿಸೋ ಡಂಬೆಲ್ ಒಂದು ಜೊತೆ. ಕೆಳಗೊಂದು ದಪ್ಪ ರಬ್ಬರ್ ಮ್ಯಾಟ್ ಇರಲಿ, ಕೆಳಗಿನ ಮನೆಯವರೂ ನೆಮ್ಮದಿಯಾಗಿರಲಿ. ಕೊಳ್ಳೋ ಮುಂಚೆ ರೂಮಿನ ಮಧ್ಯೆ ನಿಂತು ಎರಡೂ ಕೈ ಚಾಚಿ, ಮೇಲೆತ್ತಿ ನೋಡಿ. ಹಾಂ, ಫ್ಯಾನ್ ಆಫ್ ಮಾಡಿ ಮತ್ತೆ!