ಕಿವಿಯಲ್ಲಿ ಹಾಡುವ ನೊಣ

ಹವಾಯಿ ದ್ವೀಪಗಳ ಚರಿತ್ರೆಯನ್ನು ಬರೆದವರು ರಾಜರನ್ನು, ಪಾದ್ರಿಗಳನ್ನು, ಕಬ್ಬಿನ ತೋಟಗಳ ಸಾಹುಕಾರರನ್ನು ವಿಸ್ತಾರವಾಗಿ ವರ್ಣಿಸುತ್ತಾರೆ. ನನಗೆ ಅವರೆಲ್ಲರಿಗಿಂತ ಒಂದು ನೀರಿನ ಪೀಪಾಯಿ ದೊಡ್ಡದಾಗಿ ಕಾಣುತ್ತದೆ.

1826ರಲ್ಲಿ ಮೆಕ್ಸಿಕೋ ಕಡೆಯಿಂದ ಬಂದ ‘ವೆಲಿಂಗ್ಟನ್’ ಎಂಬ ಹಡಗು ಮಾವಿ ದ್ವೀಪದ ಲಹೈನಾ ರೇವಿನಲ್ಲಿ ಲಂಗರು ಹಾಕಿತು. ನಾವಿಕರು ಹಳೆಯ ಪೀಪಾಯಿಗಳನ್ನು ಹಳ್ಳವೊಂದರಲ್ಲಿ ತೊಳೆದು ಹೊಸ ನೀರು ತುಂಬಿಕೊಂಡರಂತೆ. ಆ ಕೊಳೆನೀರಿನಲ್ಲಿ ಸೊಳ್ಳೆಯ ಮರಿಗಳಿದ್ದುವು. ಅಲ್ಲಿಯವರೆಗೆ ಹವಾಯಿಯ ಜನ ಸೊಳ್ಳೆಯನ್ನೇ ಕಂಡವರಲ್ಲ! ಕಿವಿಯಲ್ಲಿ ಹಾಡುವ ಹೊಸ ಬಗೆಯ ನೊಣವೊಂದು ಬಂದಿದೆಯೆಂದು ಅವರು ಪಾದ್ರಿಗಳಿಗೆ ಹೇಳಿದರೆಂದು ಪ್ರತೀತಿ. ಆ ಸಂಗೀತವನ್ನು ರಾತ್ರಿಯಿಡೀ ಕೇಳಿ ಬಲ್ಲ ನಮಗೆ ನಗು ಬರುತ್ತದೆ.

ಕಾಡಿನ ಹಕ್ಕಿಗಳಿಗೆ ಇದು ನಗೆಯ ಮಾತಾಗಲಿಲ್ಲ. ಮುಂದೆ ಹೊರನಾಡುಗಳಿಂದ ತಂದುಬಿಟ್ಟ ಹಕ್ಕಿಗಳೊಡನೆ ಪಕ್ಷಿಮಲೇರಿಯವೂ ಬಂತು; ಸೊಳ್ಳೆ ಅದನ್ನು ಹೊತ್ತು ತಿರುಗಿತು. ಆ ರೋಗವನ್ನೇ ಅರಿಯದಿದ್ದ ಹಕ್ಕಿಗಳು ತಗ್ಗಿನ ಕಾಡುಗಳಲ್ಲಿ ಅಳಿದು, ಮಲೆಯ ನೆತ್ತಿಯಲ್ಲಿ ಮಾತ್ರ ಉಳಿದುಕೊಂಡುವು. ಅಲ್ಲಿ ಚಳಿ. ಸುಮಾರು 13 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಸೊಳ್ಳೆಯ ಮೈಯಲ್ಲಿ ಆ ರೋಗಾಣು ಬಲಿಯಲಾರದು. ಹಕ್ಕಿಗಳಿಗೆ ಚಳಿಯೇ ಕೋಟೆಯಾಯಿತು.

ಕೌವಾಯಿ ದ್ವೀಪದ ಅಕಿಕಿಕಿ ಅಂಥದೊಂದು ಹಕ್ಕಿ. ಬೆನ್ನು ಬೂದು, ಹೊಟ್ಟೆ ಬಿಳಿ, ಗೇಣುದ್ದವೂ ಇಲ್ಲ. ಓಹಿಯಾ ಮರದ ಕಾಂಡದ ಮೇಲೆ ಹರಿದಾಡುತ್ತ ತೊಗಟೆಯ ಹುಳುಗಳನ್ನು ಹೆಕ್ಕಿ ತಿನ್ನುವ ಜಾತಿ. ಆದರೆ ಕೌವಾಯಿಯ ಅತ್ಯುನ್ನತ ಶಿಖರವೂ 1,600 ಮೀಟರನ್ನು ಮುಟ್ಟದು. ಲೋಕದ ಉಷ್ಣತೆ ಏರಿದಂತೆಲ್ಲ ಸೊಳ್ಳೆಯೂ ಮೇಲೇರಿತು. ಹಕ್ಕಿಗೆ ಇನ್ನು ಏರಲು ಬೆಟ್ಟವೇ ಇರಲಿಲ್ಲ. 2023ರ ಹೊತ್ತಿಗೆ ಕಾಡಿನಲ್ಲಿ ಉಳಿದಿದ್ದುವು ಸುಮಾರು ಐದೇ ಅಕಿಕಿಕಿಗಳು.

ಬಲ್ಲವರು ಸುಮ್ಮನೆ ಕುಳಿತಿರಲಿಲ್ಲ. 2015ರಿಂದಲೇ ಮರದ ತುದಿಯ ಗೂಡುಗಳಿಂದ ಮೊಟ್ಟೆಗಳನ್ನು ಇಳಿಸಿ ತಂದು, ಮರಿಮಾಡಿಸಿ, ಸಾಕತೊಡಗಿದ್ದರು. ಹಾಗೆ ಸಾಕಿದ ಕೆಲವನ್ನು ಮಾವಿಯಲ್ಲಿ ಇರಿಸಿದ್ದರಷ್ಟೆ. 2023ರ ಆಗಸ್ಟಿನ ಕಾಳ್ಗಿಚ್ಚು ಆ ಪಕ್ಷಿಶಾಲೆಯ ಬೇಲಿಯ ಬಳಿಗೇ ಬಂದಿತು. ಅಲ್ಲಿದ್ದ ಕೆಲಸಗಾರರು ನೀರಿನ ಕೊಳವೆ ಹಿಡಿದು ಬೆಂಕಿಯನ್ನು ತಡೆದು ನಿಲ್ಲಿಸಿದರು.

ಅದೇ ವರ್ಷದ ಕೊನೆಯಿಂದ ಮಾವಿಯ ಮಲೆಗಾಡುಗಳಲ್ಲಿ ಬೇಕೆಂದೇ ಸೊಳ್ಳೆಗಳನ್ನು ಲಕ್ಷಗಟ್ಟಲೆ ಬಿಡುತ್ತಿದ್ದಾರೆ, ಬರಿಯ ಗಂಡುಗಳನ್ನು! ಅವುಗಳ ಮೈಯಲ್ಲಿ ವೋಲ್ಬೇಕಿಯ ಎಂಬ ಬೇರೆ ತಳಿಯ ಬ್ಯಾಕ್ಟೀರಿಯ ಇರುವುದರಿಂದ, ಕೂಡಿದ ಕಾಡುಹೆಣ್ಣಿನ ಮೊಟ್ಟೆ ಮರಿಯಾಗದು. ಗಂಡು ಸೊಳ್ಳೆ ಕಚ್ಚುವುದಿಲ್ಲವೆಂಬುದನ್ನು ಮಾತ್ರ ಊರವರಿಗೆ ಬಿಡಿಸಿ ಹೇಳಬೇಕಾಯಿತು.